ಮುಹೂರ್ತದ ಹೊತ್ತಿಗೆ ಬೀಗದ ಕೈ ಯಾರ ಹತ್ತಿರ?

ಛತ್ರ ಗೊತ್ತಾಗಿದೆ, ಅಡುಗೆಯವರಿಗೂ ಪುರೋಹಿತರಿಗೂ ಅಡ್ವಾನ್ಸ್ ಹೋಗಿದೆ, ಲಗ್ನಪತ್ರಿಕೆ ಹಂಚಿಯಾಗಿದೆ. ಇಷ್ಟನ್ನು ಎಲ್ಲ ಮನೆಗಳಲ್ಲೂ ಅಚ್ಚುಕಟ್ಟಾಗಿ ಮಾಡುತ್ತಾರೆ. ಮದುವೆಯ ದಿನ ಏನಾದರೂ ಎಡವಟ್ಟಾದರೆ ಎದ್ದು ಓಡುವವರು ಯಾರು ಎಂಬುದನ್ನು ಮಾತ್ರ ಹೆಚ್ಚಿನವರು ಯೋಚಿಸಿರುವುದಿಲ್ಲ.

ಮೊದಲು ಉಸ್ತುವಾರಿಗೆ ಒಬ್ಬರನ್ನು ಗೊತ್ತುಮಾಡಿ. ನಂಬಿಕಸ್ಥರು ಬೇಕು ಎಂದು ಒಡವೆ ಕೋಣೆಯ ಬೀಗದ ಕೈಯನ್ನು ಹುಡುಗಿಯ ಅಮ್ಮನಿಗೋ ಸೋದರಮಾವನಿಗೋ ಕೊಡುವುದು ವಾಡಿಕೆ. ತಪ್ಪಾಗುವುದೇ ಇಲ್ಲಿ. ಧಾರೆ ಎರೆಯಲು ಅಪ್ಪ ಅಮ್ಮ ಇಬ್ಬರೂ ಮಂಟಪದಲ್ಲಿರಬೇಕು. ಹುಡುಗಿಯನ್ನು ಕರೆತರುವುದು ಸೋದರಮಾವ. ಲಾಜಾಹೋಮಕ್ಕೆ ಅರಳು ಹಾಕುವುದು ಅವಳ ಅಣ್ಣ ಇಲ್ಲವೇ ತಮ್ಮ. ಕಳಸ ಹಿಡಿದು ನಿಂತವಳು ಅಕ್ಕನೋ ತಂಗಿಯೋ. ನಾವು ನಂಬುವ ಅಷ್ಟೂ ಜನರಿಗೆ ಒಂದೇ ಗಳಿಗೆಯಲ್ಲಿ ಕೈ ಬಿಡುವಿರುವುದಿಲ್ಲ. ಪುರೋಹಿತರು ‘ಕಾಲುಂಗುರ ಕೊಡಿ’ ಎನ್ನುತ್ತಾರೆ. ಅದು ಮೇಲಿನ ಕೋಣೆಯಲ್ಲಿ, ಕೋಣೆಯ ಕೀಲಿ ಅಮ್ಮನ ಸೊಂಟದಲ್ಲಿ, ಅಮ್ಮ ಕಲಶದ ನೀರು ಬಿಡುತ್ತಿದ್ದಾರೆ. ವಾಲಗದ ಸದ್ದಿನಲ್ಲಿ ಯಾರು ಕೂಗಿದರೂ ಕೇಳಿಸುವುದಿಲ್ಲ.

ಈ ತಾಪತ್ರಯವೇ ಬೇಡವೆಂದು ಕೋಣೆಯನ್ನು ತೆರೆದೇ ಬಿಡುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲರೂ ಅಕ್ಷತೆ ಹಾಕಲು ಕೆಳಗೆ ನೆರೆದಾಗ ಮೇಲಿನ ಮಹಡಿ ಖಾಲಿ. ಕಳ್ಳರು ಕಾಯುವುದು ಆ ಹತ್ತು ನಿಮಿಷಕ್ಕೆ. ರೇಷ್ಮೆ ಸೀರೆ ಉಟ್ಟ ಅಪರಿಚಿತೆಯನ್ನು ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದೂ, ಹೆಣ್ಣಿನ ಕಡೆಯವರು ಗಂಡಿನ ಕಡೆಯವಳೆಂದೂ ತಿಳಿದು ಸುಮ್ಮನಾಗುತ್ತಾರೆ.

ಹಾಗಾಗಿ ಶಾಸ್ತ್ರದಲ್ಲಿ ಯಾವ ಕೆಲಸವೂ ಇಲ್ಲದವರನ್ನೇ ಆರಿಸಿ. ಅಪ್ಪನ ಹಳೆಯ ಸ್ನೇಹಿತರು, ಹುಡುಗಿಯ ಗೆಳತಿ, ನೆರೆಮನೆಯವರು, ಯಾರಾದರೂ ಆದೀತು. ಎರಡೂ ಕಡೆಯಿಂದ ಒಬ್ಬೊಬ್ಬರಿರಲಿ. ಅವರಿಗೆ ಧಾರೆ ನೋಡುವ ಭಾಗ್ಯ ತಪ್ಪುತ್ತದೆ. ಆದ್ದರಿಂದ ಮುಂಚೆಯೇ ಮನೆಗೆ ಹೋಗಿ ಕೇಳಿಕೊಳ್ಳಿ, ಹಿಂದಿನ ರಾತ್ರಿ ಫೋನಿನಲ್ಲಿ ಹೊರಿಸಬೇಡಿ. ಅಡುಗೆಯವರು, ಪುರೋಹಿತರು, ಛತ್ರದ ಮ್ಯಾನೇಜರ್, ಈ ಮೂವರ ಬಳಿಯೂ ಅವರ ನಂಬರ್ ಇರಲಿ. ಏನೇ ಕೊರತೆಯಾದರೂ ಹುಡುಗಿಯ ಅಪ್ಪನನ್ನು ಕೇಳದೆ ಇವರನ್ನೇ ಕೇಳಬೇಕು ಎಂದು ಹೇಳಿಬಿಡಿ. ತುರ್ತಿಗೆಂದು ಸ್ವಲ್ಪ ನಗದನ್ನೂ ಅವರ ಕೈಗೆ ಕೊಟ್ಟಿರಿ.

ಹಿಂದಿನ ರಾತ್ರಿ ಮಾಂಗಲ್ಯ, ಕಾಲುಂಗುರ, ಬಾಸಿಂಗ, ಅಂತರಪಟದ ಬಟ್ಟೆ, ಅರಿಶಿನದ ದಾರ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಪುರೋಹಿತರ ಪಟ್ಟಿ ಹಿಡಿದು ಒಂದೊಂದನ್ನೇ ನೋಡಿ. ಜೊತೆಗೆ ಒಂದು ಅರಿಶಿನದ ಕೊಂಬು ಇರಲಿ. ಮಾಂಗಲ್ಯ ಬರುವುದು ತಡವಾದರೆ ಅದನ್ನು ದಾರಕ್ಕೆ ಕಟ್ಟಿ ಮುಹೂರ್ತ ಸಾಗಿಸಬಹುದೇ ಎಂದು ಪುರೋಹಿತರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಒಡವೆಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಫೋಟೊ ತೆಗೆದುಕೊಳ್ಳಿ.

ಇನ್ನು ಉಪವಾಸ. ಮುಹೂರ್ತ ಹನ್ನೊಂದಕ್ಕಿದ್ದರೂ ಹುಡುಗಿಯನ್ನು ಬರೀ ಹೊಟ್ಟೆಯಲ್ಲಿ ಕೂರಿಸುವುದು ನನಗೆ ಸರಿಕಾಣುವುದಿಲ್ಲ. ಹಾಲು, ಹಣ್ಣು ತೆಗೆದುಕೊಳ್ಳಬಹುದೇ ಎಂದು ಕೇಳಿ. ಬೇಡ ಎನ್ನುವ ಪುರೋಹಿತರು ಕಡಿಮೆ. ಹೋಮದ ಹೊಗೆ, ವಿಡಿಯೊದವರ ದೀಪ, ಬಿಗಿಯಾದ ಡಾಬು ಸೇರಿ ತಲೆಸುತ್ತಿ ಬಿದ್ದರೆ ಎತ್ತಿ ಕೂರಿಸಬೇಡಿ. ಅಲ್ಲೇ ಅಂಗಾತ ಮಲಗಿಸಿ, ಕಾಲನ್ನು ಸುಮಾರು ಒಂದು ಅಡಿ ಎತ್ತರಿಸಿ, ಡಾಬು ಸಡಿಲಿಸಿ, ಸುತ್ತ ನಿಂತವರನ್ನು ಸರಿಸಿ. ಪ್ರಜ್ಞೆ ಬರುವ ತನಕ ಬಾಯಿಗೆ ನೀರು ಹಾಕಕೂಡದು. ಒಂದು ನಿಮಿಷದಲ್ಲಿ ಕಣ್ಣು ಬಿಡದಿದ್ದರೆ 108ಕ್ಕೆ ಕರೆ ಮಾಡಿ.

ಬೆಂಕಿಯ ಹತ್ತಿರ ಸಿಂಥೆಟಿಕ್ ಸೀರೆಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಸೆರಗಿಗೆ ಕಿಡಿ ತಗುಲಿದರೆ ಓಡಲು ಬಿಡಬೇಡಿ, ಓಡಿದಷ್ಟೂ ಉರಿ ಏಳುತ್ತದೆ. ನೆಲಕ್ಕೆ ಮಲಗಿಸಿ, ದಪ್ಪನೆಯ ಹತ್ತಿ ಜಮಖಾನ ಸುತ್ತಿ ಉರುಳಿಸಿ. ಬಿಸಿ ಸಾರು ಮೈಮೇಲೆ ಚೆಲ್ಲಿದರೆ ಬಳೆ, ಉಂಗುರ ಕೂಡಲೇ ತೆಗೆದು, 20 ನಿಮಿಷ ನಲ್ಲಿಯ ನೀರಿನ ಕೆಳಗೆ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಇಂಕು ಯಾವುದೂ ಬೇಡ. ಯಾರೋ ಹಿರಿಯರು ಪೇಸ್ಟ್ ಹಿಡಿದು ಬಂದೇ ಬರುತ್ತಾರೆ, ಗೌರವದಿಂದಲೇ ತಡೆಯಿರಿ.

ಆರತಕ್ಷತೆಯ ರಾತ್ರಿ ಮಿಕ್ಕ ಅನ್ನ, ಪಾಯಸ ಬೆಳಗಿನ ಪಂಕ್ತಿಗೆ ಬರಬಾರದು. ಬೇಯಿಸಿದ ಅಡುಗೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಆರಿ ಕೂತರೆ, ಮತ್ತೆ ಬಿಸಿಮಾಡಿದರೂ ಅದರಲ್ಲಿನ ವಿಷ ಹೋಗದೇ ಇರಬಹುದು. ಅಡುಗೆಯವರಿಗೆ ಇದನ್ನು ಹಿಂದಿನ ದಿನವೇ ಖಂಡಿತವಾಗಿ ಹೇಳಿ. ಯಾರಿಗಾದರೂ ವಾಂತಿಭೇದಿ ಶುರುವಾದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕೊಡಿ. ಮಕ್ಕಳು, ವೃದ್ಧರಾದರೆ ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬೇಡಿ.

ಉಳಿದವು ಚುಟುಕಾಗಿ. ಜನರೇಟರನ್ನು ಹಿಂದಿನ ಸಂಜೆಯೇ ಓಡಿಸಿ ನೋಡಿ. ಲಿಫ್ಟ್ ಮತ್ತು ಬೋರ್‌ವೆಲ್ ಮೋಟಾರ್ ಅದಕ್ಕೆ ಸೇರಿವೆಯೇ ಎಂದು ಕೇಳಿ. ಮುಯ್ಯಿ ಕವರುಗಳ ಚೀಲವನ್ನು ವೇದಿಕೆಯ ಕುರ್ಚಿಯ ಹಿಂದೆ ಇಡಬೇಡಿ. ಚಿಕ್ಕ ಮಕ್ಕಳ ಜೇಬಿನಲ್ಲಿ ಅಪ್ಪ ಅಮ್ಮನ ನಂಬರ್ ಬರೆದ ಚೀಟಿ ಇರಲಿ. ಛತ್ರ ಬಿಡುವ ಮುನ್ನ ಬಚ್ಚಲಮನೆಯ ಕಿಟಕಿ ಕಟ್ಟೆಗಳನ್ನು ಒಮ್ಮೆ ನೋಡಿ, ಮುಖ ತೊಳೆಯಲು ಬಿಚ್ಚಿಟ್ಟ ಉಂಗುರ, ವಾಚು ಸಾಮಾನ್ಯವಾಗಿ ಉಳಿಯುವುದು ಅಲ್ಲೇ.