ಮಲೆನಾಡಿನ ಮಕ್ಕಳಿಗೆ ಕಡಲ ಪಾಠ

ಭೂಗೋಳದ ತರಗತಿಯಲ್ಲಿ ಕಡಲಿನ ಪಾಠವು ಬಂದಾಗ, ಕಳಸ ಮೂಡಿಗೆರೆ ಸೀಮೆಯ ಬಾಲಿಕೆಯರು ಅದನ್ನು ದೂರದೇಶದ ವೃತ್ತಾಂತವೆಂಬಂತೆ ಕೇಳುವುದುಂಟು. ಅಲೆ, ಉಪ್ಪು, ಹಡಗು, ಮೀನು ಎಂದು ಬಾಯಿಪಾಠಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುವರು. ಆದರೆ ಈ ಪಾಠದ ಮೊದಲನೆಯ ಪುಟವು ಅವರ ಮನೆಯ ಅಂಗಳದಲ್ಲಿಯೇ ಇದೆ. ಸೂರಿನಿಂದಿಳಿದ ಮಳೆಯ ಹನಿಯು ಎಲ್ಲಿಗೆ ಹೋಗುವುದೆಂದು ಕೇಳಿ, ಅದರ ಬೆನ್ನುಹಿಡಿದು ನಡೆದರೆ ಕಡಲು ತಾನಾಗಿಯೇ ಸಿಕ್ಕುವುದು. ಇಂತಹ ಪಾಠದ ಕ್ರಮವೊಂದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡುತ್ತೇವೆ. ಏಕೆಂದರೆ ಇದರ ಅರ್ಧಭಾಗವು ಶಾಲೆಯಲ್ಲಿ ಅಲ್ಲ, ಮನೆಯಲ್ಲಿಯೂ ತೋಟದಲ್ಲಿಯೂ ನಡೆಯತಕ್ಕದ್ದು.

1. ಹನಿಯ ದಾರಿ

ಒಂದು ಹೊಳೆಗೆ ನೀರು ಕೂಡಿಬರುವ ನೆಲವೆಲ್ಲವೂ ಆ ಹೊಳೆಯ ಜಲಾನಯನ ಪ್ರದೇಶವೆನಿಸುವುದು. ನಮ್ಮ ಗುಡ್ಡಗಳಲ್ಲಿ ಇಂತಹವು ಮೂರು ಒಂದಕ್ಕೊಂದು ತಾಗಿಕೊಂಡಿವೆ. ಕಳಸದ ಹನಿಯು ಭದ್ರೆಯನ್ನು ಸೇರಿ, ಬಾಳೆಹೊನ್ನೂರನ್ನು ದಾಟಿ, ಲಕ್ಕವಳ್ಳಿಯ ಜಲಾಶಯದಲ್ಲಿ ತಂಗಿ, ಕೂಡ್ಲಿಯಲ್ಲಿ ತುಂಗೆಯೊಡನೆ ಬೆರೆತು, ಕಡೆಗೆ ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುವುದು. ಮೂಡಿಗೆರೆಯ ಹನಿಯು ಜಾವಳಿಯ ಬಳಿ ಹುಟ್ಟಿದ ಹೇಮಾವತಿಯನ್ನು ಹಿಡಿದು, ಗೊರೂರಿನ ಮಾರ್ಗವಾಗಿ ಕಾವೇರಿಯನ್ನು ಸೇರಿ, ಅದೇ ಕೊಲ್ಲಿಯನ್ನು ಬೇರೊಂದು ಕಡೆಯಲ್ಲಿ ಮುಟ್ಟುವುದು. ಆದರೆ ಕೊಟ್ಟಿಗೆಹಾರದ ಆಚೆ ಚಾರ್ಮಾಡಿ ಘಟ್ಟದ ಏಣನ್ನು ದಾಟಿ ಪಶ್ಚಿಮಕ್ಕೆ ಬಿದ್ದ ಹನಿಯು ನೇತ್ರಾವತಿಯೊಡನೆ ಇಳಿದು, ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಕಾಣುವುದು. ಒಂದರ ದಾರಿ ಅನೇಕ ನೂರು ಕಿಲೋಮೀಟರು, ಇನ್ನೊಂದರದು ಸುಮಾರು ನೂರು. ಪ್ರತಿಯೊಬ್ಬ ಬಾಲಿಕೆಯೂ ತನ್ನ ಮನೆಯ ಹಳ್ಳದ ಹೆಸರಿನಿಂದ ಆರಂಭಿಸಿ ಈ ದಾರಿಯನ್ನು ನಕಾಶೆಯಲ್ಲಿ ಬರೆಯಲಿ. ತುಂಬಿದ ಹಳ್ಳದ ಬಳಿಗೆ ಮಾತ್ರ ಮಕ್ಕಳನ್ನು ಬಿಡಕೂಡದು.

2. ಮಳೆಯ ಲೆಕ್ಕ

ನೆಟ್ಟನೆಯ ಬದಿಯುಳ್ಳ ಪಾತ್ರೆಯೊಂದನ್ನು ಬಯಲಿನಲ್ಲಿಟ್ಟು, ಪ್ರತಿದಿನವೂ ಮುಂಜಾನೆ ಅಳತೆಪಟ್ಟಿಯಿಂದ ನೀರನ್ನು ಅಳೆಯಬಹುದು. ಒಂದು ಚದರ ಮೀಟರು ನೆಲದ ಮೇಲೆ 1 ಮಿಲಿಮೀಟರು ಮಳೆಯೆಂದರೆ 1 ಲೀಟರು ನೀರು. ಒಂದು ಎಕರೆಗೆ ಇದು 4,000 ಲೀಟರಿಗೆ ಮಿಕ್ಕುವುದು. ಹಾಗಾದರೆ ಒಂದೇ ಅಂಗುಲ ಮಳೆಯು ಎಕರೆಯೊಂದರ ಮೇಲೆ ಲಕ್ಷ ಲೀಟರು ನೀರನ್ನು ಸುರಿದಂತಾಯಿತು. ಈ ಲೆಕ್ಕವನ್ನು ಮಾಡಿದ ಮಗುವು, ಇಷ್ಟು ನೀರೆಲ್ಲವೂ ಎಲ್ಲಿ ಹೋಯಿತೆಂದು ತಾನಾಗಿಯೇ ಕೇಳುವುದು.

3. ಎರಡು ತಟ್ಟೆಗಳು

ಎರಡು ತಟ್ಟೆಗಳಲ್ಲಿ ತೋಟದ ಮಣ್ಣನ್ನು ತುಂಬಿ, ಸಮನಾಗಿ ಓರೆಯಾಗಿರಿಸಿ, ಒಂದರ ಮೇಲೆ ತರಗೆಲೆಯನ್ನು ಹರಡಿರಿ, ಇನ್ನೊಂದು ಬರಿದಾಗಿರಲಿ. ಎರಡಕ್ಕೂ ಒಂದೇ ಪ್ರಮಾಣದ ನೀರನ್ನು ಚಿಮುಕಿಸಿ, ಹರಿದುಬಂದುದನ್ನು ಗಾಜಿನ ಲೋಟಗಳಲ್ಲಿ ಹಿಡಿಯಿರಿ. ಬರಿಯ ಮಣ್ಣಿನಿಂದ ಕೆಂಪು ನೀರು ಬೇಗನೆ ಬರುವುದು. ತರಗಿನ ಕೆಳಗಿನಿಂದ ತಿಳಿನೀರು ಮೆಲ್ಲನೆ ಬರುವುದು. ಶೋಲಾ ಕಾಡೂ ಹುಲ್ಲುಗುಡ್ಡವೂ ಮಾಡುವ ಕೆಲಸವಿದೇ. ಆಷಾಢದ ಮಳೆಯನ್ನು ಹೀರಿಟ್ಟುಕೊಂಡು, ಒರತೆಗಳ ಮೂಲಕ ಮಾಘದಲ್ಲಿ ಕೊಡುವುವು. ತೋಟದ ನೆರಳುಮರಗಳೂ ತೊಟ್ಟಿಲುಗುಂಡಿಗಳೂ ಇದಕ್ಕೆ ನೆರವಾಗುವುವು.

ಲೋಟದ ತಳದಲ್ಲಿ ನಿಂತ ಮಣ್ಣನ್ನು ಮಕ್ಕಳು ಬೆರಳಿನಿಂದ ಮುಟ್ಟಿನೋಡಲಿ. ಪೂರ್ವಕ್ಕೆ ಹೋದ ಮಣ್ಣಿನ ಬಹುಭಾಗವು ಕಡಲನ್ನು ಕಾಣದೆ ಜಲಾಶಯಗಳಲ್ಲಿ ಹೂಳಾಗಿ, ಕೆಳನಾಡಿನ ರೈತನ ನೀರಿನ ಪಾಲನ್ನು ಕಡಮೆಮಾಡುವುದು. ಕುದುರೆಮುಖದ ಕಬ್ಬಿಣದ ಗಣಿಯ ಕಾಲದಲ್ಲಿ ಭದ್ರೆಯ ಹೂಳನ್ನು ಕುರಿತು ಎದ್ದ ಕಳವಳವು ಹಿರಿಯರಿಗೆ ನೆನಪಿರಬಹುದು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ ಆ ಗಣಿಯು 2005ರ ಕೊನೆಗೆ ನಿಂತಿತು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲೂಕಿನ ಗುಡ್ಡಗಳು ಕುಸಿದುದನ್ನಂತೂ ಮಕ್ಕಳೇ ಬಲ್ಲರು. ಅತಿವೃಷ್ಟಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಇಳಿಜಾರನ್ನು ಕಡಿದು ಬರಿದುಮಾಡದಿರುವುದು ನಮ್ಮ ಕೈಯಲ್ಲಿದೆ.

4. ಹಣ್ಣಿನ ನೀರು

ಕಾಫಿಯ ಹಣ್ಣನ್ನು ಸುಲಿದು ತೊಳೆದ ನೀರಿನಲ್ಲಿ ಸಕ್ಕರೆಯೂ ಲೋಳೆಯೂ ಇರುವುವು. ಅದು ಹಳ್ಳಕ್ಕೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಹೆಚ್ಚುವುವು. ಹೆಚ್ಚುತ್ತಾ, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬರಿದುಮಾಡುವುವು. ಮೀನುಗಳು ಉಸಿರುಕಟ್ಟಿ ತೇಲುವುವು. ಕೊಯ್ಲಿನ ಕಾಲವೆಂದರೆ ಮಳೆ ನಿಂತು ಹಳ್ಳವು ಸೊರಗುವ ಕಾಲ. ತುಂಬುಹೊಳೆಯಲ್ಲಿ ಬೆರೆತು ತೆಳುವಾಗಬಹುದಾದ ಕೊಳೆಯು, ಸಣ್ಣ ಹಳ್ಳದಲ್ಲಿ ವಿಷವೇ ಆಗುವುದು. ಆದಕಾರಣ ಈ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಶುದ್ಧಿಮಾಡಿ ಬಳಸುವುದು ಹೊರತು ಹಳ್ಳಕ್ಕೆ ಬಿಡಕೂಡದು. ಇದನ್ನು ಶಾಲೆಯಲ್ಲಿ ಕಲಿತ ಬಾಲಿಕೆಯು ಮನೆಯಲ್ಲಿ ಬೇರೊಂದನ್ನು ಕಂಡರೆ, ಅವಳು ಯಾವ ಪಾಠವನ್ನು ನಂಬಬೇಕು?

5. ಅಳಿವೆ ಮತ್ತು ಭೂತಾಯಿ

ಗಾಜಿನ ಪಾತ್ರೆಯಲ್ಲಿ ಗಟ್ಟಿಯಾದ ಉಪ್ಪುನೀರನ್ನಿಟ್ಟು, ಬಣ್ಣ ಬೆರಸಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿನಿಂದ ಮೆಲ್ಲನೆ ಸುರಿಯಿರಿ. ಸಿಹಿನೀರು ಹಗುರವಾದುದರಿಂದ ಮೇಲೆಯೇ ನಿಲ್ಲುವುದು. ಮಂಗಳೂರಿನ ಅಳಿವೆಯಲ್ಲಿ ಹೊಳೆಯೂ ಕಡಲೂ ಸಂಧಿಸುವ ಬಗೆಯನ್ನು ಇದು ತೋರಿಸುವುದು. ಒಂದು ಲೀಟರು ಕಡಲನೀರಿನಲ್ಲಿ ಸುಮಾರು 35 ಗ್ರಾಮು ಲವಣವಿದೆ. ಅದರಲ್ಲಿ ಬಹಳವು ಯುಗಯುಗಗಳಿಂದ ನೆಲದ ಬಂಡೆಗಳು ಸವೆದು ಹೊಳೆಗಳೊಡನೆ ಬಂದುದೇ.

ಬಂಡೆಯಿಂದ ಕರಗಿಬಂದ ಸಿಲಿಕವೆಂಬ ದ್ರವ್ಯವಿಲ್ಲದೆ ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಯು ತನ್ನ ಗಾಜಿನಂತಹ ಚಿಪ್ಪನ್ನು ಕಟ್ಟಲಾರದು. ಮಳೆಗಾಲದಲ್ಲಿ ಕಡಲಿನ ಆಳದಿಂದ ಮೇಲೇಳುವ ತಣ್ಣೀರು ಈ ಪಾಚಿಗೆ ಮುಖ್ಯವಾದ ಆಹಾರವನ್ನು ತರುವುದು. ಘಟ್ಟದ ಹೊಳೆಗಳೂ ತಮ್ಮ ಪಾಲನ್ನು ಸೇರಿಸುವುವು. ಈ ಪಾಚಿಯನ್ನು ಭೂತಾಯಿ ಮೀನು ತಿನ್ನುವುದು. ಆ ಭೂತಾಯಿಯೇ ಘಟ್ಟವನ್ನೇರಿ ನಮ್ಮ ಸಂತೆಗೆ ಬರುವುದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದೋಣಿಗಳು ಮೀನು ಹಿಡಿಯಬಾರದೆಂಬ ನಿಯಮವೇಕೆಂದು ಆಗ ಮಕ್ಕಳಿಗೆ ಹೇಳಬಹುದು: ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ.

ಹೆಚ್ಚು ತಿಳಿಯಬಯಸುವ ವಿದ್ಯಾರ್ಥಿನಿಗೆ ಮಂಗಳೂರಿನಲ್ಲಿ 1969ರಲ್ಲಿ ಸ್ಥಾಪಿತವಾದ ಮೀನುಗಾರಿಕೆಯ ಕಾಲೇಜು ಇದೆ. ಹಳ್ಳ, ಮೀನು, ಹುಳುಗಳನ್ನು ನೋಡುವ ಕಣ್ಣು ಬೇಕೆಂಬವಳಿಗೆ, ಮೂಡಿಗೆರೆಯಲ್ಲಿಯೇ ಬಾಳಿ 2007ರಲ್ಲಿ ತೀರಿಕೊಂಡ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳು ಇವೆ.

ಈ ಪಾಠಗಳಿಗೆ ಬೆಲೆಬಾಳುವ ಉಪಕರಣಗಳು ಬೇಕಿಲ್ಲ: ಎರಡು ತಟ್ಟೆ, ಕೆಲವು ಲೋಟ, ಒಂದು ಹಿಡಿ ಉಪ್ಪು ಸಾಕು. ಬೇಕಾದುದು, ಮಗುವು ಪ್ರಶ್ನೆಯನ್ನು ಮನೆಗೆ ತಂದಾಗ ಅದನ್ನು ಕೇಳಿ, ಅವಳೊಡನೆ ತೋಟದ ಅಂಚಿನವರೆಗೆ ನಡೆದು, ಹಳ್ಳವನ್ನು ನೋಡಿಬರುವ ಹಿರಿಯರು. ಬೆಟ್ಟದ ಮೇಲಿರುವವರು ಎಲ್ಲರಿಗಿಂತ ಮೊದಲು ನೀರನ್ನು ಮುಟ್ಟುವರು. ಅವರು ಮುಟ್ಟಿದ ನೀರನ್ನೇ ಉಳಿದವರೆಲ್ಲರೂ ಕುಡಿಯಬೇಕು. ಇಷ್ಟನ್ನು ನಮ್ಮ ಬಾಲಿಕೆಯರು ಮನಗಂಡರೆ, ಕಡಲನ್ನು ಕಾಣುವ ಮೊದಲೇ ಅದರ ನೆರೆಯವರಾಗುವರು.