ಬಿಟ್ಟಿ ಆಫೀಸ್, ಗಟ್ಟಿ ವ್ಯವಹಾರ: ಎಂಟು ಸೂತ್ರಗಳು

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಗಾದೆ ನಮ್ಮದು. ಆದರೂ ವಿಚಿತ್ರ ನೋಡಿ: ಕಾಯ್ದೆಗೆ ಸರಿಯಾಗಿಯೇ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶ ಹಾಕಿಕೊಳ್ಳಿ ಅಂದರೆ ಸಣ್ಣ ಉದ್ದಿಮೆಯ ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ದುಡ್ಡಿಲ್ಲದ್ದು ವ್ಯವಹಾರಕ್ಕೆ ಆಗುತ್ತದೆಯೇ ಎಂಬ ಅನುಮಾನ. ಆಗುತ್ತದೆ, ಆದರೆ ಎಲ್ಲ ಮೇಜಿಗೂ ಅಲ್ಲ. ಹತ್ತು ಸಿಸ್ಟಮ್ ಇರುವ ಸಾಮಾನ್ಯ ಕಚೇರಿಯಲ್ಲಿ ಎಂಟಕ್ಕಾದರೂ ಅದು ಧಾರಾಳ ಸಾಕು. ಉಳಿದ ಒಂದೆರಡಕ್ಕೆ ದುಡ್ಡು ಕೊಟ್ಟು ತಂದ ಎಕ್ಸೆಲ್ ಬೇಕೇ ಬೇಕು. ಆ ಒಂದೆರಡು ಯಾವುವು ಎಂದು ಮೊದಲೇ ಗುರುತಿಸಿಕೊಂಡವರು ಗೆಲ್ಲುತ್ತಾರೆ.

1. ಕ್ರ್ಯಾಕ್ ಪ್ರತಿಯನ್ನು ಲೆಕ್ಕದಿಂದಲೇ ತೆಗೆಯಿರಿ

ನಮ್ಮ ಊರುಗಳಲ್ಲಿ ಲಿಬ್ರೆಆಫೀಸಿಗೆ ನಿಜವಾದ ಎದುರಾಳಿ ಎಂದರೆ ಸಿಸ್ಟಮ್ ಜೋಡಿಸುವ ಹುಡುಗ ಪೆನ್‌ಡ್ರೈವಿನಲ್ಲಿ ತಂದು ಹಾಕುವ ಮೈಕ್ರೋಸಾಫ್ಟ್ ಆಫೀಸಿನ ಕ್ರ್ಯಾಕ್ ಪ್ರತಿ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳ ಪ್ರತಿ ಎಂದು ಗೊತ್ತಿದ್ದೂ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, ಜೊತೆಗೆ 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಲ್ಲದೆ ಬಳಸಿದವರನ್ನು ನ್ಯಾಯಾಲಯ ಬರೀ ದಂಡ ಹಾಕಿ ಬಿಡಬಹುದು. ನೀವು ವ್ಯಾಪಾರಸ್ಥರು, ಆ ರಿಯಾಯಿತಿಯನ್ನು ನಂಬಿ ಕೂರಬೇಡಿ. ಬಿಲ್ಲು ಹಾಕಿಸಿ ಕೊಂಡ 2016 ಅಥವಾ 2019ರ ಆಫೀಸ್ ಇದ್ದವರೂ ನಿಶ್ಚಿಂತರಲ್ಲ: 2025ರ ಅಕ್ಟೋಬರ್ 14ಕ್ಕೆ ಅವೆರಡರ ಭದ್ರತಾ ಅಪ್‌ಡೇಟ್ ನಿಂತುಹೋಗಿದೆ. ಲಿಬ್ರೆಆಫೀಸನ್ನಾದರೆ ಎಷ್ಟು ಕಂಪ್ಯೂಟರಿಗೆ ಬೇಕಾದರೂ ಹಾಕಿಕೊಳ್ಳಿ, ಅದರಿಂದ ಲಾಭ ಮಾಡಿಕೊಳ್ಳಿ, ಅದರ ಪರವಾನಗಿ ಅಡ್ಡಿ ಮಾಡುವುದಿಲ್ಲ.

2. ಹೆಸರು ಸರಿಯಾಗಿ ಹೇಳಿ ಹಾಕಿಸಿ

'ಓಪನ್ ಆಫೀಸ್ ಹಾಕಿಕೊಡಪ್ಪ' ಎಂದರೆ ಹಳೆಯ ಸರಕು ಬಂದೀತು. ಕಥೆ ಇಷ್ಟು: ಜರ್ಮನಿಯ ಸ್ಟಾರ್‌ಆಫೀಸನ್ನು ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಕೊಂಡು, ಮರುವರ್ಷ ಅದರ ಮೂಲಸಂಕೇತವನ್ನು ಓಪನ್‌ಆಫೀಸ್ ಎಂದು ಎಲ್ಲರಿಗೂ ತೆರೆದಿಟ್ಟಿತು. 2010ರಲ್ಲಿ ಸನ್ ಕಂಪನಿಯೇ ಒರ್‍ಯಾಕಲ್ ಪಾಲಾದಾಗ ಓಪನ್‌ಆಫೀಸಿಗೆ ದುಡಿಯುತ್ತಿದ್ದ ಹಲವರು ಹೊರಬಂದು ಲಿಬ್ರೆಆಫೀಸ್ ಕಟ್ಟಿದರು. ಅಪಾಚೆ ಸಂಸ್ಥೆಯ ಕೈಸೇರಿದ ಓಪನ್‌ಆಫೀಸ್ 2014ರ 4.1ರ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಲಿಬ್ರೆಆಫೀಸಿನ ಹೊಸ ಆವೃತ್ತಿ ಆರು ತಿಂಗಳಿಗೊಮ್ಮೆ ಬರುತ್ತದೆ. ಅದನ್ನು ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ.

3. ಆಡಿಟರ್ ಕಡತ ಬರುವ ಮೇಜನ್ನು ಮುಟ್ಟಬೇಡಿ

ಎಡವುವವರೆಲ್ಲ ಹೆಚ್ಚಾಗಿ ಎಡವುವುದು ಇಲ್ಲೇ. ಪತ್ರ, ಪಟ್ಟಿ ಎಲ್ಲ ಚೆನ್ನಾಗಿ ನಡೆಯುತ್ತಿರುತ್ತದೆ. ಜಿಎಸ್‌ಟಿ ವಾರ್ಷಿಕ ರಿಟರ್ನ್ ತುಂಬುವ ಕಾಲ ಬಂದಾಗ ಗಾಡಿ ನಿಲ್ಲುತ್ತದೆ. ಜಿಎಸ್‌ಟಿಆರ್-9ಕ್ಕೆ ಸರ್ಕಾರ ಕೊಡುವ ಆಫ್‌ಲೈನ್ ಸಾಧನ ಮ್ಯಾಕ್ರೋ, ಅಂದರೆ ಗುಂಡಿ ಒತ್ತಿದರೆ ಓಡುವ ಪುಟ್ಟ ಪ್ರೋಗ್ರಾಮುಗಳು, ತುಂಬಿದ ಎಕ್ಸೆಲ್ ಕಡತ. ಅಂಕಿ ತುಂಬಿ, ಗುಂಡಿ ಒತ್ತಿ, ಅದು ಹೊರಹಾಕುವ ಜೇಸನ್ ಕಡತವನ್ನು ಪೋರ್ಟಲಿಗೆ ಏರಿಸಬೇಕು. ಆದಾಯ ತೆರಿಗೆ ಇಲಾಖೆ ರಿಟರ್ನಿಗೆಂದು ಕೊಡುವ ಎಕ್ಸೆಲ್ ಸಾಧನಗಳದ್ದೂ ಇದೇ ಜಾಯಮಾನ. ಈ ಮ್ಯಾಕ್ರೋಗಳನ್ನು ಬರೆದಿರುವುದೇ ಮೈಕ್ರೋಸಾಫ್ಟ್ ಎಕ್ಸೆಲಿಗಾಗಿ. ಲಿಬ್ರೆಆಫೀಸಿನ ಕ್ಯಾಲ್ಕ್ ಅಂಥ ಕಡತವನ್ನು ತೆರೆದು ತೋರಿಸಬಹುದು, ಗುಂಡಿ ಒತ್ತಿದಾಗ ಕೈಕೊಡಬಹುದು. ಕೊನೆಯ ದಿನದ ರಾತ್ರಿ ಆ ಪರೀಕ್ಷೆ ಯಾರಿಗೂ ಬೇಡ.

ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳು ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿ ಹೊರಡಿಸಿತ್ತು. ತೆರಿಗೆ ಕಟ್ಟುವವನಿಗೆ ಮಾತ್ರ ಎಕ್ಸೆಲ್ ಕಡತವನ್ನೇ ಕೊಡುತ್ತಿದೆ! ಅದನ್ನು ಆಡಿಕೊಳ್ಳುತ್ತಲೇ ಲೆಕ್ಕಪತ್ರದ ಮೇಜಿಗೆ ಒಂದು ಅಸಲಿ ಎಕ್ಸೆಲ್ ಪರವಾನಗಿ ಕೊಂಡುಬಿಡಿ. ಕೊಳ್ಳುವಾಗ ವ್ಯವಹಾರಕ್ಕೆ ಸಲ್ಲುವ ಆವೃತ್ತಿಯನ್ನೇ ಕೇಳಿ. ಲ್ಯಾಪ್‌ಟಾಪಿನ ಜೊತೆ ಬರುತ್ತಿದ್ದ 'ಹೋಮ್ ಅಂಡ್ ಸ್ಟೂಡೆಂಟ್' ಹೆಸರೇ ಹೇಳುವಂತೆ ಮನೆಗೆ, ವಿದ್ಯಾರ್ಥಿಗೆ. ಎಲ್ಲ ರಿಟರ್ನೂ ಆಡಿಟರ್ ಕಚೇರಿಯಲ್ಲೇ ತುಂಬುವುದಾದರೆ ಈ ಒಂದು ಖರ್ಚೂ ಉಳಿಯುತ್ತದೆ.

4. ಒಳ್ಳೆಯ ಶೀಟಲ್ಲ, ಕೆಟ್ಟ ಶೀಟು ತೆರೆದು ನೋಡಿ

ಕೊಟೇಷನ್, ಡೆಲಿವರಿ ಚಲನ್, ಹಾಜರಿ, ಸ್ಟಾಕ್ ಪಟ್ಟಿ: ಇವನ್ನು ಕಣ್ಣುಮುಚ್ಚಿ ಕ್ಯಾಲ್ಕ್‌ಗೆ ಒಪ್ಪಿಸಬಹುದು. ಟ್ಯಾಲಿಯಿಂದ ತೆಗೆದ ಎಕ್ಸೆಲ್ ವರದಿಯೂ ಸಾಮಾನ್ಯವಾಗಿ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ಪರೀಕ್ಷೆಗೆ ಮಾತ್ರ ನಿಮ್ಮಲ್ಲಿರುವ ಅತಿ ದೊಡ್ಡ, ಅತಿ ಗೋಜಲಿನ, ಬಿಟ್ಟುಹೋದ ಹಳೆಯ ಗುಮಾಸ್ತ ಮಾಡಿಟ್ಟ ಶೀಟನ್ನೇ ಆರಿಸಿ. ಎಕ್ಸ್‌ಲುಕಪ್, ಫಿಲ್ಟರ್, ಯುನೀಕ್ ಸೂತ್ರಗಳು ಲಿಬ್ರೆಆಫೀಸಿಗೆ ಬಂದದ್ದು 2024ರ ಆಗಸ್ಟ್‌ನ 24.8 ಆವೃತ್ತಿಯಲ್ಲಿ; ಹಳೆಯದರಲ್ಲಿ ತೆರೆದು ಬೈದರೆ ಪ್ರಯೋಜನವಿಲ್ಲ. ಎಕ್ಸೆಲಿನ ಪವರ್ ಕ್ವೆರಿ ಸೌಲಭ್ಯವನ್ನು ನೆಚ್ಚಿಕೊಂಡ ವರದಿಗಳಿದ್ದರೆ ಆ ಮೇಜನ್ನೂ ಎಕ್ಸೆಲ್ ಪಟ್ಟಿಗೆ ಸೇರಿಸಿ. ಕೋಶಗಳ ಭಾಷೆಯನ್ನು ಭಾರತದ ಇಂಗ್ಲಿಷಿಗೆ ಇಡಲು ಮರೆಯಬೇಡಿ, ಇಲ್ಲದಿದ್ದರೆ ಲಕ್ಷ ಬರೆದಲ್ಲಿ ಅಲ್ಪವಿರಾಮ ಅಮೆರಿಕದವರ ಜಾಗದಲ್ಲಿ ಬಿದ್ದೀತು.

5. ಕನ್ನಡ ಕೆಟ್ಟಂತೆ ಕಂಡರೆ ಅಕ್ಷರದ ಜಾತಿ ನೋಡಿ

'ಅದರಲ್ಲಿ ಕನ್ನಡ ಬರೋದಿಲ್ಲ' ಅನ್ನುವುದು ಹಳೆಯ ದೂರು. ಸಾಮಾನ್ಯವಾಗಿ ತಪ್ಪು ಕಡತದ್ದು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಫಾಂಟಿಲ್ಲದ ಸಿಸ್ಟಮಿನಲ್ಲಿ ವರ್ಡ್ ತೆರೆದರೂ ಅದೇ ಗೋಳು. ಹಳೆಯದನ್ನು ಒಮ್ಮೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ, ಪರಿವರ್ತಕಗಳೂ ಪುಕ್ಕಟೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾರೆ ಓದಿ ತಿದ್ದಬೇಕು. ಕ್ರಯಪತ್ರ, ಕರಾರಿನಂಥ ಕಾಗದವಾದರೆ ಇಬ್ಬರು ಓದಲಿ.

ಇನ್ನೊಂದು ಗುಟ್ಟು. ಲಿಬ್ರೆಆಫೀಸ್ ಇಂಗ್ಲಿಷಿಗೊಂದು, ಕನ್ನಡದಂಥ ಸಂಕೀರ್ಣ ಲಿಪಿಗೊಂದು ಎಂದು ಎರಡು ಫಾಂಟುಗಳನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಇಂಗ್ಲಿಷಿನ ಗಾತ್ರ ಬದಲಿಸಿದರೂ ಕನ್ನಡ ಜಗ್ಗುವುದಿಲ್ಲ ಎಂದು ಜನ ಸಿಟ್ಟಾಗುವುದು ಈ ಕಾರಣಕ್ಕೆ. ಆಯ್ಕೆಗಳಿಗೆ ಹೋಗಿ, ಸಂಕೀರ್ಣ ಲಿಪಿಯ ಭಾಷೆ ಕನ್ನಡ ಎಂದು ಗುರುತು ಹಾಕಿ, ನೋಟೋ ಸೆರಿಫ್ ಕನ್ನಡದಂಥ ಒಂದು ಫಾಂಟ್ ನಿಗದಿಪಡಿಸಿದರೆ ತಲೆನೋವು ತೀರಿತು.

6. ಹೊರಗೆ ಹೋಗುವುದು ಪಿಡಿಎಫ್

ಗ್ರಾಹಕ ತಿದ್ದಬೇಕಿಲ್ಲದ ಕಾಗದವನ್ನು ಪಿಡಿಎಫ್ ಮಾಡಿಯೇ ಕಳಿಸಿ; ಮೆನುವಿನಲ್ಲೇ ಗುಂಡಿ ಇದೆ. ತಿದ್ದಬೇಕಾದದ್ದಿದ್ದರೆ ಡಾಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್ ರೂಪದಲ್ಲಿ ಉಳಿಸಿ, ಅದನ್ನೇ ಕಾಯಂ ಆಯ್ಕೆಯಾಗಿಯೂ ಇಡಬಹುದು. ಸಾಲು ಜಾರಿ ಪುಟ ಕೆಡುವುದಕ್ಕೆ ಹೆಚ್ಚಾಗಿ ಫಾಂಟೇ ಕಾರಣ: ಕ್ಯಾಲಿಬ್ರಿಯ ಅಳತೆಗೆ ಕಾರ್ಲಿಟೊ, ಏರಿಯಲ್ ಅಳತೆಗೆ ಲಿಬರೇಷನ್ ಸ್ಯಾನ್ಸ್ ಇವೆ, ಬಳಸಿ.

7. ಎರಡು ಬದಲಾವಣೆ ಒಟ್ಟಿಗೆ ಬೇಡ

ವಿಂಡೋಸ್ ತೆಗೆದು ಲಿನಕ್ಸ್, ಆಫೀಸ್ ತೆಗೆದು ಲಿಬ್ರೆಆಫೀಸ್, ಎರಡೂ ಒಂದೇ ಸೋಮವಾರ ಮಾಡಿದರೆ ಸಿಬ್ಬಂದಿ ಯಾವುದು ಕೈಕೊಟ್ಟಿತು ಎಂದೇ ತಿಳಿಯದೆ ಎರಡನ್ನೂ ಬೈಯುತ್ತಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸಿನತ್ತ ಹೊರಟು, ಸಾವಿರಾರು ಕಂಪ್ಯೂಟರುಗಳನ್ನು ಬದಲಿಸಿ, 2017ರಲ್ಲಿ ವಿಂಡೋಸಿಗೆ ಮರಳುವ ತೀರ್ಮಾನ ಮಾಡಿತು. ಅದರ ಹಿಂದೆ ರಾಜಕೀಯವೂ ಇತ್ತೆನ್ನಿ. ಅದೇ ದೇಶದ ಷ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರುಗಳನ್ನು ಬದಲಿಸಲು ಹೊರಟಾಗ ಲಿಬ್ರೆಆಫೀಸನ್ನು ಮುಂದಿಟ್ಟಿತು, ವಿಂಡೋಸ್ ಬಿಡುವುದು ಆಮೇಲಿನ ಮೆಟ್ಟಿಲು. ನಮಗೂ ಇದೇ ಕ್ರಮ ಲೇಸು. ವರ್ಡಿಗೆ ಪಳಗಿದ ಕಣ್ಣಿಗೆ ಮೆನು ಹಳತೆನಿಸಿದರೆ ನೋಟದ ಆಯ್ಕೆಯಲ್ಲಿ ಟ್ಯಾಬ್ ಮಾದರಿ ಇದೆ, ಅದನ್ನು ಮೊದಲ ದಿನವೇ ಹಾಕಿಕೊಡಿ.

8. ಉಳಿದ ದುಡ್ಡಿನಲ್ಲಿ ಒಂದು ಪಾಲು ತೆಗೆದಿಡಿ

ಪುಕ್ಕಟೆ ತಂತ್ರಾಂಶಕ್ಕೆ ದೂರು ಹೇಳಿಕೊಳ್ಳಲು ಗ್ರಾಹಕ ಸೇವೆಯ ನಂಬರು ಇರುವುದಿಲ್ಲ. ದೊಡ್ಡ ಸಂಸ್ಥೆಗಳಿಗೆ ಕೊಲಾಬೊರಾದಂಥ ಕಂಪನಿಗಳು ದುಡ್ಡಿಗೆ ಬೆಂಬಲ ಕೊಡುತ್ತವೆ. ಸಣ್ಣವರು ಊರಿನಲ್ಲೇ ತಿಳಿದವರೊಬ್ಬರನ್ನು ತಿಂಗಳ ಲೆಕ್ಕದಲ್ಲಿ ಗೊತ್ತುಮಾಡಿಕೊಳ್ಳಿ, ಆವೃತ್ತಿ ಬದಲಿಸುವುದೂ ಬ್ಯಾಕಪ್ ತೆಗೆಯುವುದೂ ಅವರ ಹೊಣೆಯಾಗಲಿ.