ವೀಡಿಯೊ ತೋರಿಸುವುದು, ವೀಡಿಯೊದಿಂದ ಕಲಿಸುವುದು: ಬೋಧನಾಭ್ಯಾಸದ ಒಂದು ಅನುಭವ

ತರಗತಿ: 9
ವಿಷಯ: ವಿಜ್ಞಾನ (ಭೌತಶಾಸ್ತ್ರ)
ಘಟಕಗಳು: ಚಲನೆಯ ನಿಯಮಗಳು, ಗುರುತ್ವ
ಅವಧಿ: 40 ನಿಮಿಷಗಳ ಎರಡು ಪಾಠಗಳು
ಬೋಧನೋಪಕರಣ: ಲ್ಯಾಪ್‌ಟಾಪ್, ಪ್ರೊಜೆಕ್ಟರ್, ಮೊಬೈಲ್‌ನ ಸ್ಟಾಪ್‌ವಾಚ್

ಹಿನ್ನೆಲೆ

ಗೋವಿಂದರಾಜನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಪುನರಾವರ್ತನೆಗೆಂದು ಅಂತರ್ಜಾಲದಿಂದ ನಾಲ್ಕು ವೀಡಿಯೊ ಆರಿಸಿಕೊಂಡೆ: ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕಾರು ಡಿಕ್ಕಿ ಪರೀಕ್ಷೆ, 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಬೀಳಿಸಿದ ಸುತ್ತಿಗೆ ಮತ್ತು ಗರಿ, 2018ರ ಫೆಬ್ರವರಿ 6ರಂದು ಫಾಲ್ಕನ್ ಹೆವಿ ರಾಕೆಟ್ ಬಾಹ್ಯಾಕಾಶಕ್ಕೆ ಒಯ್ದ ಟೆಸ್ಲಾ ಕಾರು, 2023ರ ಆಗಸ್ಟ್ 23ರ ಚಂದ್ರಯಾನ-3ರ ಇಳಿಕೆ.

ಮೊದಲ ಪಾಠ

ನಾಲ್ಕನ್ನೂ ಒಂದರ ಹಿಂದೊಂದು ತೋರಿಸಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಪಾಠ ಚೆನ್ನಾಯಿತೆಂದುಕೊಂಡೆ. ನಡುವೆ ಒಬ್ಬ ಹುಡುಗಿ, "ಮಿಸ್, ಆ ಕಾರು ಯಾಕೆ ಬೀಳ್ತಿಲ್ಲ?" ಎಂದು ಕೇಳಿದಳು. ಮುಂದಿನ ವೀಡಿಯೊ ಹಾಕುವ ಅವಸರದಲ್ಲಿ "ಅಲ್ಲಿ ಗುರುತ್ವ ಇಲ್ಲ" ಎಂದುಬಿಟ್ಟೆ. ಮರುದಿನದ ಕಿರುಪರೀಕ್ಷೆಯಲ್ಲಿ ಬಹುತೇಕರು ಅದನ್ನೇ ಬರೆದಿದ್ದರು. ಆ ತಪ್ಪು ಮಕ್ಕಳದಲ್ಲ, ನನ್ನದು.

ಎರಡನೆಯ ಪಾಠ

ಮೊದಲು ನನ್ನ ಉತ್ತರ ತಪ್ಪೆಂದು ತರಗತಿಯ ಮುಂದೆಯೇ ಹೇಳಿದೆ. 400 ಕಿ.ಮೀ. ಎತ್ತರದಲ್ಲೂ ಗುರುತ್ವ ವೇಗೋತ್ಕರ್ಷ ಸುಮಾರು 8.7 ಮೀ/ಸೆ² ಇರುತ್ತದೆ; ನೆಲದ ಮೇಲೆ 9.8. ಹಾಗಾದರೆ ಕಾರು ಬೀಳುತ್ತಲೇ ಇದೆ. ಆದರೆ ಪಕ್ಕಕ್ಕೆ ಎಷ್ಟು ವೇಗವಾಗಿ ಸಾಗುತ್ತಿದೆಯೆಂದರೆ, ಅದು ಬೀಳುವಷ್ಟರಲ್ಲಿ ಭೂಮಿಯ ಮೇಲ್ಮೈಯೂ ಬಾಗಿ ದೂರವಾಗುತ್ತದೆ. ಕಪ್ಪುಹಲಗೆಯ ಮೇಲೆ ಚಿತ್ರ ಬರೆದ ಮೇಲೆ ಅದೇ ಹುಡುಗಿ, "ಹಾಗಾದ್ರೆ ಚಂದ್ರನೂ ಬೀಳ್ತಾ ಇದ್ದಾನಾ?" ಎಂದಳು. ಈ ಬಾರಿ ಉತ್ತರವನ್ನು ತರಗತಿಯೇ ಕೊಟ್ಟಿತು.

ಸುತ್ತಿಗೆ–ಗರಿಯ ವೀಡಿಯೊವನ್ನು ಸ್ಕಾಟ್ ಕೈಬಿಡುವ ಮುನ್ನ ನಿಲ್ಲಿಸಿ, "ಯಾವುದು ಮೊದಲು ಬೀಳುತ್ತದೆ?" ಎಂದು ಕೈ ಎತ್ತಿಸಿದೆ. ನಂತರ ಗುಂಪುಗಳು ಸ್ಟಾಪ್‌ವಾಚ್ ಹಿಡಿದು ಕಾಲ ಅಳೆದವು. 1.3ರಿಂದ 1.5 ಸೆಕೆಂಡು ಬಂತು. ಎತ್ತರ ಸುಮಾರು 1.6 ಮೀ. s = ½gt² ಸೂತ್ರದಲ್ಲಿ 1.4 ಸೆಕೆಂಡು ಹಾಕಿದಾಗ g ಸುಮಾರು 1.6 ಮೀ/ಸೆ². ಪುಸ್ತಕದಲ್ಲಿ ಚಂದ್ರನ ಗುರುತ್ವವು ಭೂಮಿಯ ಆರನೇ ಒಂದರಷ್ಟು ಎಂದು ಓದಿದ್ದನ್ನು ಮಕ್ಕಳು ತಾವೇ ಅಳೆದಿದ್ದರು. ಗುಂಪುಗಳ ಉತ್ತರ ಏಕೆ ಬೇರೆಯಾಯಿತು ಎಂಬ ಚರ್ಚೆಯಲ್ಲಿ ಅಳತೆಯ ದೋಷವೂ ಪಾಠವಾಯಿತು.

ಡಿಕ್ಕಿ ಪರೀಕ್ಷೆಯಲ್ಲಿ ಕಾರಿನ ವೇಗ ಗಂಟೆಗೆ 64 ಕಿ.ಮೀ. ಅದನ್ನು ಸೆಕೆಂಡಿಗೆ 17.8 ಮೀಟರ್ ಎಂದು ಮಕ್ಕಳಿಂದಲೇ ಪರಿವರ್ತಿಸಿದೆ. ಕಾರು ನಿಂತರೂ ಒಳಗಿನ ಗೊಂಬೆ ಅದೇ ವೇಗದಲ್ಲಿ ಮುಂದೆ ಹೋಗುವುದೇಕೆ? ಮಾಗಡಿ ರಸ್ತೆಯ ಬಸ್ಸು ಬ್ರೇಕ್ ಹಾಕಿದಾಗ ತಾವು ಮುಂದಕ್ಕೆ ಮುಗ್ಗರಿಸುವುದನ್ನು ನೆನೆದು ಮಕ್ಕಳೇ "ಜಡತ್ವ" ಎಂದರು. ಸೀಟ್‌ಬೆಲ್ಟ್‌ನ ಮಾತು ತಾನಾಗಿ ಬಂತು.

ಚಂದ್ರಯಾನದ ದೃಶ್ಯಕ್ಕೆ ಸಮಯ ಕಡಿಮೆ ಉಳಿಯಿತು. ಒಂದೇ ಪ್ರಶ್ನೆ ಕೇಳಿದೆ: ನಮ್ಮ ಪೀಣ್ಯದ ಇಸ್ಟ್ರಾಕ್ ಕೇಂದ್ರದಿಂದ ಲ್ಯಾಂಡರನ್ನು ರಿಮೋಟ್ ಕಾರಿನಂತೆ ಓಡಿಸಬಹುದಿತ್ತೇ? ಸಂಕೇತ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು, ಮರಳಲು ಅಷ್ಟೇ. ಅದಕ್ಕೇ ವಿಕ್ರಮ್ ಇಳಿಯುವಾಗ ತನ್ನ ನಿರ್ಧಾರ ತಾನೇ ಮಾಡಬೇಕಿತ್ತು.

ಸಹಪ್ರಶಿಕ್ಷಣಾರ್ಥಿಗಳಿಗೆ

1. ಒಂದು ಅವಧಿಗೆ ಒಂದೋ ಎರಡೋ ವೀಡಿಯೊ ಸಾಕು. ನಾಲ್ಕು ನನಗೆ ಎರಡನೇ ಪಾಠದಲ್ಲೂ ಹೆಚ್ಚಾಯಿತು.
2. ಎಲ್ಲಿ ನಿಲ್ಲಿಸಬೇಕು, ಏನು ಕೇಳಬೇಕು ಎಂಬುದನ್ನು ಪಾಠ ಯೋಜನೆಯಲ್ಲೇ ನಿಮಿಷ–ಸೆಕೆಂಡು ಸಹಿತ ಬರೆಯಿರಿ.
3. ಅಳೆಯಲು ಏನಾದರೂ ಸಿಗುವ ವೀಡಿಯೊಗೆ ಆದ್ಯತೆ ಕೊಡಿ.
4. ಮೊದಲೇ ಡೌನ್‌ಲೋಡ್ ಮಾಡಿ, ಧ್ವನಿಯಿಲ್ಲದೆ ಒಮ್ಮೆ ನೋಡಿ. ಇಂಗ್ಲಿಷ್ ವಿವರಣೆಯ ಬದಲು ನಿಮ್ಮ ಕನ್ನಡ ಪ್ರಶ್ನೆ ಮಕ್ಕಳಿಗೆ ತಲುಪುತ್ತದೆ.
5. ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ಹೇಳುತ್ತೇನೆ" ಎನ್ನಿ. ಅವಸರದ ಒಂದು ವಾಕ್ಯವನ್ನು ಅಳಿಸಲು ನನಗೆ ಅರ್ಧ ಪಾಠವೇ ಬೇಕಾಯಿತು.